ತೊಳೆದರೆ ಹೋಗುತ್ತಿತ್ತು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಿ ಯಾರೂ ಸತ್ತಿರಲಿಕ್ಕಿಲ್ಲ. ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದು ಕರೆಯುವ ಲಾಂಡ್ರಿ ಅಂಗಡಿಯ ಒಡತಿ ಅವತ್ತು ಕೌಂಟರಿನ ಹಿಂದೆ ಕೈಕಟ್ಟಿ ನಿಂತು ಹಾಗೆಂದುಕೊಂಡಳು. ಎದುರಿಗೆ ಮಡಚುವ ಕುರ್ಚಿಗಳ ಮೇಲೆ ಅವಳ ಮಗಳ ಗೆಳತಿಯರು ಕೂತಿದ್ದರು. ಮಗಳು ಹೋಗಿ ಒಂದು ವರ್ಷವಾಗಿತ್ತು, ಅಂಗಡಿಗೆ ಅಂದು ವಾರದ ರಜೆಯೂ ಆಗಿತ್ತು. ಎಲ್ಲರೂ ಸೇರಿ ಅವಳನ್ನ ನೆನಪು ಮಾಡ್ಕೊಳ್ಳೋಣ ಆಂಟಿ ಎಂದು ಅವರು ಫೋನು ಮಾಡಿದಾಗ ಇವಳು ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ಗಂಡ "ಬನ್ನಮ್ಮಾ, ಬನ್ನಿ" ಎಂದುಬಿಟ್ಟಿದ್ದ. ಆ ಮನುಷ್ಯ ಊರೆಲ್ಲ ಹೇಳಿದ್ದಕ್ಕೆ ಹೂಂಗುಟ್ಟಿಯೇ ತಲೆ ನೆರೆಸಿಕೊಂಡವನು. ಒಳಗೆ ದೊಡ್ಡ ಯಂತ್ರದ ಹೊಟ್ಟೆಗೆ ಬಟ್ಟೆ ತುಂಬುವುದು, ತೆಗೆಯುವುದು, ಅಷ್ಟೇ ಅವನ ಲೋಕ.

ಮಗಳನ್ನು ಬೀದಿಯೆಲ್ಲ ಗಿಲಕಿ ಎನ್ನುತ್ತಿತ್ತು. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಇಸ್ತ್ರಿಯಾದ ಬಟ್ಟೆಯ ಗಂಟುಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಆಚೆ ಬೀದಿಗೆ ಹೋಗಿಬರಲು ಅರ್ಧ ದಿನ ಬೇಕು, ಯಾಕೆಂದರೆ ಒಬ್ಬರ ಮನೆಯಲ್ಲಿ ಮುದುಕಿಗೆ ಕಣ್ಣಿಗೆ ಹನಿ ಹಾಕಬೇಕು, ಇನ್ನೊಬ್ಬರ ಮನೆಯಲ್ಲಿ ಗಂಡ ಹೆಂಡಿರ ಜಗಳ ಬಿಡಿಸಬೇಕು, ಮತ್ತೊಂದು ಮನೆಯಲ್ಲಿ ಸುಮ್ಮನೆ ಚಹಾ ಕುಡಿಯಬೇಕು. ಗಿರಾಕಿಗಳು ಶರ್ಟಿನ ಕಾಲರು ಸರಿಯಿಲ್ಲವೆಂದು ಜಗಳಕ್ಕೆಂದು ಬಂದು, ಗಿಲಕಿ ಎಲ್ಲಿ ಎಂದು ಕೇಳಿ, ಕಾಲರಿನ ವಿಷಯ ಮರೆತು ಹೋಗುತ್ತಿದ್ದರು.

"ಅವಳಿಗೆ ಕೋಪ ಅನ್ನೋದೇ ಗೊತ್ತಿರಲಿಲ್ಲ ಅಲ್ವಾ ಆಂಟಿ?" ಎಂದಳು ಟೈಲರ್ ಅಂಗಡಿಯ ಹುಡುಗಿ, ಕರ್ಚೀಫು ಕಣ್ಣಿಗೊತ್ತಿಕೊಳ್ಳುತ್ತ.

"ಗೊತ್ತಿರಲಿಲ್ಲವಾ?" ಎಂದಳು ಇಸ್ತ್ರಿಯಮ್ಮ. "ಬಾಚಣಿಗೆ ಬೀಸಿ ಎಸೆದು ಅವಳ ಕೋಣೆ ಕನ್ನಡಿ ಒಡೆದವಳು ಯಾರು? ನಾನಾ? ಕತ್ತೆ ಹಾಗೆ ಹಟ ಇತ್ತು ಅವಳಿಗೆ. ನೀವೆಲ್ಲ ಯಾರನ್ನ ನೆನಪು ಮಾಡ್ಕೊಳ್ತಿದ್ದೀರೋ ನನಗೆ ಗೊತ್ತಿಲ್ಲಮ್ಮ. ನನ್ನ ಮಗಳನ್ನಂತೂ ಅಲ್ಲ."

ಟೈಲರ್ ಹುಡುಗಿ ಕರ್ಚೀಫು ಮಡಚಿ ಮಡಿಲಲ್ಲಿಟ್ಟುಕೊಂಡಳು. ಉಳಿದವರು ಚಹಾದ ಲೋಟಗಳೊಳಗೆ ಇಣುಕಿದರು. ಗಂಡ ಬಿಸ್ಕತ್ತಿನ ತಟ್ಟೆ ಹಿಡಿದು ಎಲ್ಲರ ಮುಂದೂ ಹೋಗಿಬಂದ.

ಇಸ್ತ್ರಿಯಮ್ಮನಿಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೆ ಮೊದಲು ಅದು ಬಂದು ಹೋಗುತ್ತಿತ್ತು, ಈಗ ಒಂದು ವರ್ಷದಿಂದ ಬಂದದ್ದು ಹೋಗಿರಲಿಲ್ಲ. ಅದಕ್ಕೆ ಕಾರಣ ಬಾಗಿಲ ಆಚೆ, ಒಳಕೋಣೆಯ ಮೇಜಿನ ಮುಂದೆ ಕೂತಿತ್ತು. ನಾದಿನಿ.

ಗಂಡನ ತಂಗಿ ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಕೂಸನ್ನು ಎತ್ತಿ ಆಡಿಸಿದ್ದು, ಅನ್ನ ತಿನ್ನಿಸಿದ್ದು, ತಲೆ ಬಾಚಿದ್ದು ಅವಳೇ, ಅಮ್ಮನಿಗೆ ಇಸ್ತ್ರಿ ಪೆಟ್ಟಿಗೆಯಿಂದ ಕೈ ಬಿಡುವೇ ಇರಲಿಲ್ಲ. ಬಟ್ಟೆಯ ಕಲೆ ತೆಗೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮಸಿ, ತುಕ್ಕು, ಗ್ರೀಸು, ಹಣ್ಣಿನ ರಸ, ಯಾವುದೇ ಇರಲಿ, ಎಡಗೈಯಲ್ಲಿ ಪುಟ್ಟ ಬ್ರಷ್ಷು ಹಿಡಿದು ಆ ಮೇಜಿನ ಮುಂದೆ ಬಗ್ಗಿ ಕೂತಳೆಂದರೆ ಕಲೆ ಇತ್ತೆಂದು ಆಣೆಯಿಟ್ಟು ಹೇಳಿದರೂ ಯಾರೂ ನಂಬುವಂತಿರಲಿಲ್ಲ. ಬೇರೆ ಅಂಗಡಿಯವರು ಕೈಚೆಲ್ಲಿದ ಬಟ್ಟೆಗಳು ಇವಳ ಮೇಜಿಗೆ ಬರುತ್ತಿದ್ದವು.

ಸ್ಮಶಾನದಲ್ಲಿ ಮಗಳನ್ನು ಕಳಿಸಿಕೊಟ್ಟು ಮನೆಗೆ ಬಂದ ದಿನ ಇಸ್ತ್ರಿಯಮ್ಮ ನೆಟ್ಟಗೆ ಹೋದದ್ದು ಮಗಳ ಕೋಣೆಗೆ. ಬೇರೆ ಏನೂ ಬೇಕಿರಲಿಲ್ಲ, ಬಾಗಿಲು ಹಾಕಿಕೊಂಡು ಆ ದಿಂಬಿನಲ್ಲಿ ಮುಖ ಹುದುಗಿಸಬೇಕಿತ್ತು. ಬಾಗಿಲು ತೆರೆದರೆ ಹೊಸ ಗಂಜಿಯ ಘಮ ಬಂತು. ಹಾಸಿಗೆಯ ಮೇಲೆ ಬಿಳೀ ಹೊದಿಕೆ ಒಂದು ಸುಕ್ಕಿಲ್ಲದೆ ಹಾಸಿತ್ತು. ದಿಂಬಿಗೆ ಒಗೆದ ಚೀಲ. ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿದ್ದ ರಾತ್ರಿಯ ಉಡುಪು, ಟವೆಲು, ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಅಂಗಿಗಳು, ಕಾಲುಚೀಲ ಕೂಡ, ಎಲ್ಲವನ್ನೂ ಒಗೆದು, ಒಣಗಿಸಿ, ಮಡಚಿ, ಬೀರುವಿನಲ್ಲಿ ಸಾಲಾಗಿ ಇಟ್ಟಿತ್ತು. ಎಲ್ಲರೂ ಹೊರಗಿದ್ದ ಹೊತ್ತಿನಲ್ಲಿ ನಾದಿನಿ ಮನೆಯಲ್ಲೇ ಉಳಿದು ಆ ಕೆಲಸ ಮುಗಿಸಿದ್ದಳು.

ಬೇರೆ ಮನೆಯವರಾಗಿದ್ದರೆ ಆ ಕೋಣೆಯ ಬಾಗಿಲು ಹಾಕಿ ಬಿಟ್ಟಿರುತ್ತಿದ್ದರು. ಮೂರು ತಲೆಮಾರು ಊರ ಬಟ್ಟೆ ಒಗೆದ ಮನೆಯಲ್ಲಿ ದುಃಖಕ್ಕೂ ಕೈ ಹೋಗುವುದು ಸೋಪಿನ ಕಡೆಗೇ ಎಂದು ಬೀದಿಯವರು ಅಂದುಕೊಂಡರು. ಪ್ರೀತಿಯಿಂದ ಮಾಡಿದ್ದಾಳೆ ಬಿಡಿ ಎಂದರು. ಇಸ್ತ್ರಿಯಮ್ಮ ಬೀರುವಿನಿಂದ ಒಂದೊಂದೇ ಬಟ್ಟೆ ಕಿತ್ತು ಮೂಸಿ ನೋಡಿದಳು, ಎಲ್ಲದರಲ್ಲೂ ಸೋಪು. ಎಲ್ಲವನ್ನೂ ನೆಲಕ್ಕೆಸೆದು ನಾದಿನಿಯ ಮುಂದೆ ನಿಂತು, "ಅವಳು ಸತ್ತದ್ದು ಸಾಲಲಿಲ್ಲ ನಿನಗೆ. ಉಳಿದದ್ದನ್ನೂ ಕೊಂದೆ," ಎಂದಳು. ಅದೇ ಕೊನೆಯ ಮಾತು. ಅಲ್ಲಿಂದ ಇಬ್ಬರೂ ಒಂದೇ ಸೂರಿನ ಕೆಳಗೆ ಎಣ್ಣೆ ಸೀಗೆಕಾಯಿ.

ಆಮೇಲೆ ಅವಳಿಗೆ ಒಂದೇ ಹುಚ್ಚು ಹಿಡಿಯಿತು. ಎಲ್ಲಾದರೂ ಮಗಳದೊಂದು ಒಗೆಯದ ಬಟ್ಟೆ ಉಳಿದಿರಬೇಕು. ಗಿಲಕಿ ಕೊಡುಗೈ ಹುಡುಗಿ, ಯಾರು ಚೆನ್ನಾಗಿದೆ ಎಂದರೂ ಮೈಮೇಲಿನದನ್ನೇ ಬಿಚ್ಚಿ ಕೊಟ್ಟು ಬರುವವಳು. ಇಸ್ತ್ರಿಯಮ್ಮ ಒಬ್ಬೊಬ್ಬ ಗೆಳತಿಗೂ ಹೇಳಿಕಳಿಸಿದಳು. ಅವರೂ ಪಾಪ, ತಂದುಕೊಟ್ಟರು. ಒಬ್ಬಳು ಶಾಲು ತಂದಳು, ಒಬ್ಬಳು ಅಂಗಿ ತಂದಳು. ಎಲ್ಲವೂ ಒಗೆದು ಇಸ್ತ್ರಿಯಾಗಿ, ಕವರಿನಲ್ಲಿ ಬಂದವು. ಲಾಂಡ್ರಿಯವರ ಮನೆಗೆ ಕೊಳೆ ಬಟ್ಟೆ ಹಿಂದಿರುಗಿಸುವಷ್ಟು ಮಾನಗೆಟ್ಟವರು ಯಾರಿದ್ದಾರೆ? ಇಸ್ತ್ರಿಯಮ್ಮ ಪ್ರತಿಯೊಂದನ್ನೂ ಮೂಗಿಗೆ ಹಿಡಿದು, ತಂದವರ ಕೈಗೇ ತುರುಕಿ, "ನೀನೇ ಇಟ್ಕೋ" ಎಂದು ಕಳಿಸಿದಳು.

ಉಳಿದದ್ದು ಒಂದು ಕೋಟು. ತಿಳಿ ಬೂದು ಬಣ್ಣದ ಉಣ್ಣೆಯ ಕೋಟು, ಗಿಲಕಿ ಬೆಳಗಿನ ಚಳಿಯಲ್ಲಿ ಸ್ಕೂಟರು ಓಡಿಸುವಾಗ ಹಾಕುತ್ತಿದ್ದದ್ದು. ಅದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗೆಳತಿಯ ಹತ್ತಿರ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿ ಮಾತ್ರ ಇವತ್ತು ತರ್ತೀನಿ, ನಾಳೆ ತರ್ತೀನಿ ಎಂದು ದಿನ ತಳ್ಳುತ್ತ ಬಂದಳು. ಹೋದ ವಾರ ಇಸ್ತ್ರಿಯಮ್ಮ ನೇರ ಔಷಧಿ ಅಂಗಡಿಗೇ ನುಗ್ಗಿ, ಕೆಮ್ಮಿನ ಔಷಧಿಗೆ, ಹೊಟ್ಟೆನೋವಿನ ಮಾತ್ರೆಗೆ ಸಾಲು ನಿಂತ ಜನರ ಮುಂದೆ, "ಸತ್ತವರ ಬಟ್ಟೆ ಕದ್ದು ಹಾಕ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿನಗೆ?" ಎಂದು ಕೇಳಿದ್ದಳು. ಹುಡುಗಿಯ ಮುಖ ಕೆಂಪಾಯಿತು. ಮಾಲೀಕ ಬಂದು ಇಸ್ತ್ರಿಯಮ್ಮನನ್ನು ಹೊರಗೆ ದಾಟಿಸಿದ. ಅವಳಿಗೇನೂ ಬೇಜಾರಾಗಲಿಲ್ಲ. ಹೊರಗೆ ನಿಂತೂ ಇನ್ನೆರಡು ಮಾತು ಬೈದೇ ಬಂದಳು.

ಈಗ ಕುರ್ಚಿಯಲ್ಲಿ ಕೂತವರು ಗಿಲಕಿ ಹಾಡುತ್ತಿದ್ದದ್ದು, ಗಿಲಕಿ ನಗಿಸುತ್ತಿದ್ದದ್ದು ಎಂದು ಮಾತು ಮುಂದುವರಿಸುತ್ತಿದ್ದಾಗ ಅರ್ಧ ಎಳೆದಿದ್ದ ಷಟರಿನ ಕೆಳಗಿಂದ ಬಗ್ಗಿ ಔಷಧಿ ಅಂಗಡಿಯ ಹುಡುಗಿ ಒಳಗೆ ಬಂದಳು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಚೀಲದಿಂದ ಕೋಟನ್ನು ಎಳೆದು ಕೌಂಟರಿನ ಮೇಲೆ ಹಾಕಿದಳು.

"ತಗೊಳ್ಳಿ. ಒಗೆದಿಲ್ಲ. ಮೂಸಿ ನೋಡ್ಕೊಳ್ಳಿ."

ಇಸ್ತ್ರಿಯಮ್ಮ ಕೋಟನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಮುಖಕ್ಕೆ ಒತ್ತಿಕೊಂಡಳು. ಅವಳು ಕಾಲರು ಮೂಸಿದಳು, ಎದೆಯ ಭಾಗ ಮೂಸಿದಳು, ಕಂಕುಳು ಮೂಸಿದಳು. ತಲೆಗೆ ಹಚ್ಚುವ ಯಾವುದೋ ಎಣ್ಣೆ, ಔಷಧಿ ಅಂಗಡಿಯ ಸ್ಪಿರಿಟ್ಟಿನ ಖಾರ ವಾಸನೆ, ಯಾರದೋ ಪೌಡರು.

"ಇದು ಅವಳದಲ್ಲ," ಎಂದಳು. "ಇದು ನಿನ್ನ ವಾಸನೆ."

"ಹೌದು. ಹಾಕ್ಕೊಂಡಿದ್ದೆ."

"ಎಷ್ಟು ದಿನ?"

"ದಿನಾ," ಎಂದಳು ಹುಡುಗಿ. ಅವಳ ದನಿಯಲ್ಲಿ ಕ್ಷಮೆ ಕೇಳುವ ಲಕ್ಷಣವೇ ಇರಲಿಲ್ಲ. "ಮೊದಮೊದಲು ಅವಳ ವಾಸನೆನೇ ಇತ್ತು. ಅದಕ್ಕೇ ಹಾಕ್ಕೊಂಡೆ. ಹಾಕ್ಕೊಂಡಷ್ಟೂ ಕಮ್ಮಿ ಆಯ್ತು, ಕಮ್ಮಿ ಆದಷ್ಟೂ ಬಿಚ್ಚೋಕೆ ಆಗಲಿಲ್ಲ. ಅವಳು ನಿಮಗೊಬ್ಬರಿಗೇ ಬೇಕಾಗಿದ್ದಳಾ ಆಂಟಿ?"

"ಹೆತ್ತವಳು ನಾನು!"

"ನೀವು ಬೈದ ದಿನಗಳಲ್ಲಿ ಅವಳು ಬಂದು ಕೂತು ಅಳ್ತಿದ್ದದ್ದು ನನ್ನ ಹತ್ರ."

ಇಸ್ತ್ರಿಯಮ್ಮನ ಕೈ ಕೆನ್ನೆಗೆ ಬಾರಿಸಲು ಎದ್ದೇಬಿಟ್ಟಿತ್ತು. ಗಂಡ "ಏಯ್, ಏಯ್" ಎನ್ನುತ್ತ ನಡುವೆ ಬಂದ. ಅವನನ್ನು ತಳ್ಳಿ ಅವಳು ಕೋಟಿನ ಒಳಗನ್ನು ಹೊರಗೆ ಮಾಡಿದಳು. ಹೊರಗೆ ಇಲ್ಲದಿದ್ದರೆ ಒಳಗಾದರೂ ಇರಬೇಕಲ್ಲ. ಲೈನಿಂಗಿನ ಬಟ್ಟೆಯನ್ನು ಮೂಗಿಗೆ ಹಿಡಿಯುತ್ತ ಹಿಡಿಯುತ್ತ ಬಲತೋಳಿನ ತುದಿಗೆ ಬಂದಳು. ಅಲ್ಲಿ ಒಳಮಡಿಕೆಯನ್ನು ಬಿಡಿಸಿದಾಗ ಕಂದು ಬಣ್ಣದ ಕಲೆ ಕಾಣಿಸಿತು. ಹೆಬ್ಬೆರಳಗಲದ್ದು, ಅಂಚು ಗಾಢವಾಗಿ ಒಣಗಿದ್ದು.

ಬಟ್ಟೆ ಕೆಲಸದವರಿಗೆ ಟೀ ಕಲೆಗೂ ರಕ್ತದ ಕಲೆಗೂ ವ್ಯತ್ಯಾಸ ಹೇಳಿಕೊಡಬೇಕಿಲ್ಲ. "ಇದು ನಿನ್ನದಾ?" ಎಂದು ಕೇಳಿದಳು. ದನಿ ಇಳಿದಿತ್ತು.

ಹುಡುಗಿ ಬಗ್ಗಿ ನೋಡಿದಳು. "ಅಲ್ಲ. ಅವಳು ಕೊಡೋವಾಗಲೇ ಇತ್ತು. ನಾನು ಟೀ ಅಂದ್ಕೊಂಡಿದ್ದೆ. ನಾವೆಲ್ಲ ಕೆರೆ ಹತ್ರ ಹೋಗಿದ್ವಲ್ಲ, ಅವತ್ತು ನನಗೆ ಚಳಿ ಆಯ್ತು ಅಂತ ಬಿಚ್ಚಿ ಕೊಟ್ಟಳು. ಅವಳು ಆಸ್ಪತ್ರೆ ಸೇರೋಕೆ ತಿಂಗಳ ಮುಂಚೆ."

ತಿಂಗಳ ಮುಂಚೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮಾತು ಇಸ್ತ್ರಿಯಮ್ಮನಿಗೆ ಅಕ್ಷರ ಬಿಡದೆ ನೆನಪಿತ್ತು. ರಕ್ತದ ಕಾಯಿಲೆ, ತುಂಬ ಮುಂದುವರಿದಿದೆ, ಮೊದಲೇನೂ ಗೊತ್ತಾಗಲಿಲ್ವಾ? ಮೂಗಲ್ಲಿ, ಒಸಡಲ್ಲಿ ರಕ್ತ ಬರ್ತಿತ್ತಾ? ದಿಂಬಿನ ಮೇಲೆ, ಬಟ್ಟೆ ಮೇಲೆ ನೋಡಿದ್ರಾ? ಒಂದು ತಿಂಗಳು ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಇಸ್ತ್ರಿಯಮ್ಮ ಆ ಡಾಕ್ಟರ ಮೇಲೂ ಎಗರಿದ್ದಳು. "ನಮ್ಮದು ಲಾಂಡ್ರಿ ರೀ. ಮನೆ ಬಟ್ಟೆ ಒಂದೊಂದೂ ನನ್ನ ಕೈ ದಾಟಿ ಹೋಗುತ್ತೆ. ಒಂದು ಹನಿ ಬಿದ್ದಿದ್ರೂ ನನ್ನ ಕಣ್ಣಿಗೆ ಕಾಣ್ತಿತ್ತು. ಏನೂ ಇರಲಿಲ್ಲ," ಎಂದಿದ್ದಳು. ಪಕ್ಕದಲ್ಲೇ ನಾದಿನಿ ಗೋಡೆಗೊರಗಿ ನಿಂತಿದ್ದಳು.

ಇಸ್ತ್ರಿಯಮ್ಮ ತೋಳನ್ನು ಮತ್ತೆ ಹೊರಮೈಗೆ ತಿರುಗಿಸಿದಳು. ಒಳಗೆ ಅಷ್ಟು ದಟ್ಟವಾಗಿ ಇಳಿದ ರಕ್ತ ಹೊರಗೆ ಕಾಣಲೇಬೇಕಿತ್ತು, ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಲ್ಲೊಂದು ಕಡೆ ಉಣ್ಣೆ ತುಸು ಸವೆದು ಬಿಳಿಚಿಕೊಂಡಿತ್ತು. ತಣ್ಣೀರು, ಉಪ್ಪು, ಪುಟ್ಟ ಬ್ರಷ್ಷು. ನೆನೆಸಿ ಉಜ್ಜಿದ ಉಣ್ಣೆಯ ಎಳೆ ಬ್ರಷ್ಷು ಎಳೆದ ಕಡೆಗೇ ಒರಗಿ ಒಣಗುತ್ತದೆ. ಇಲ್ಲಿ ಎಳೆಗಳು ಎಡಗೈಯವರು ಉಜ್ಜಿದ ಕಡೆಗೆ ಒರಗಿದ್ದವು. ಆ ಕೈ ಮುಟ್ಟಿದ ಬಟ್ಟೆಗಳ ಮೇಲೆ ಇಷ್ಟು ವರ್ಷ ಇಸ್ತ್ರಿ ಆಡಿಸಿದವಳು ಅವಳು, ಕತ್ತಲೆಯಲ್ಲಿ ಸವರಿಯೂ ಗುರುತು ಹಿಡಿಯಬಲ್ಲಳು. ಹೊರಗಿನದನ್ನು ನಾದಿನಿ ತೆಗೆದಿದ್ದಾಳೆ, ಮಡಿಕೆಯ ಒಳಗಿನದು ಅವಸರದಲ್ಲಿ ತಪ್ಪಿಹೋಗಿದೆ.

"ಬಾರೇ ಇಲ್ಲಿ," ಎಂದಳು ಒಳಕೋಣೆಯ ಕಡೆ ತಿರುಗಿ.

ಒಂದು ವರ್ಷದಿಂದ ತನ್ನನ್ನು ಮಾತಾಡಿಸದಿದ್ದ ಅತ್ತಿಗೆಯ ದನಿಗೆ ನಾದಿನಿ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಮುಖದಲ್ಲಿ ಆಸೆಯಂಥದ್ದೊಂದು ಇತ್ತು. ಇಸ್ತ್ರಿಯಮ್ಮ ತೋಳಿನ ಒಳಮಡಿಕೆ ಬಿಡಿಸಿ ಅವಳ ಮೂಗಿನ ಕೆಳಗೆ ಹಿಡಿದಳು. ನಾದಿನಿಯ ಎಡಗೈ ತಾನಾಗಿಯೇ ಮುಂದೆ ಬಂದು ಬಟ್ಟೆಯನ್ನು ಹೆಬ್ಬೆರಳಿಂದ ತಿಕ್ಕಿ ನೋಡಿತು.

"ಹಳೇದು. ತಣ್ಣೀರಲ್ಲಿ ನೆನೆಹಾಕಿದ್ರೆ..." ಎಂದವಳು ಕೋಟಿನ ಬಣ್ಣ ಕಂಡಳು. ಕೈ ಹಿಂದಕ್ಕೆ ಹೋಯಿತು. ಸೆರಗಿನೊಳಗೆ ಅಡಗಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲೇ ಇಲ್ಲ.

"ಮುಂದಕ್ಕೆ ಹೇಳು," ಎಂದಳು ಇಸ್ತ್ರಿಯಮ್ಮ. "ನೆನೆಹಾಕಿದ್ರೆ?"

"ಅತ್ತಿಗೆ, ಇವರೆಲ್ಲ ಹೋಗಲಿ."

"ಯಾರೂ ಹೋಗೋದು ಬೇಡ. ನೆನಪು ಮಾಡ್ಕೊಳ್ಳೋಕೆ ಬಂದಿದ್ದಾರೆ, ಮಾಡ್ಕೊಳ್ಳಲಿ. ಎಷ್ಟು ಸಲ ತೆಗೆದೆ?"

ನಾದಿನಿ ಅಣ್ಣನ ಮುಖ ನೋಡಿದಳು. ಅಣ್ಣ ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದ.

"ಮೊದಲು ದಿಂಬಿನ ಚೀಲ," ಎಂದಳು ಕೊನೆಗೆ. "ಬೆಳಿಗ್ಗೆ ತಂದು ಕೊಟ್ಟಳು. ಒಸಡಿಂದ ಬಂದಿತ್ತಂತೆ. ಆಮೇಲೆ ಮತ್ತೊಂದು. ಆಮೇಲೆ ಕರ್ಚೀಫು, ಈ ಕೋಟು. ಅಮ್ಮನಿಗೆ ಹೇಳಬೇಡ ಅತ್ತೆ ಅಂದಳು. ಕೆರೆಗೆ ಹೋಗೋಕೆ ಬಿಡಲ್ಲ, ಸ್ಕೂಟರಿನ ಕೀ ಕಿತ್ತಿಟ್ಕೊಳ್ತಾಳೆ ಅಂದಳು. ಕಾಲು ಉಳುಕಿದಾಗ ನೀವು ಹಾಗೇ ಮಾಡಿದ್ರಲ್ಲ ಅತ್ತಿಗೆ. ನಿಮ್ಮ ಬಾಯಿಗೆ ಹೆದರಿದ್ದಳು ಅವಳು."

"ಅವಳಿಗೆ ಬುದ್ಧಿ ಇರಲಿಲ್ಲ. ನಿನಗೆ?"

"ಉಷ್ಣ ಇರಬೇಕು ಅಂದ್ಕೊಂಡೆ."

"ದಿನಾ ರಕ್ತ ನೋಡ್ತಾ ಉಷ್ಣ ಅಂದ್ಕೊಂಡೆ!"

"ಹೋಗ್ತಿತ್ತಲ್ಲ ಅತ್ತಿಗೆ," ಎಂದಳು ನಾದಿನಿ. "ತಣ್ಣೀರಿಗೆ ಹಾಕಿ ಉಪ್ಪು ಉಜ್ಜಿದ್ರೆ ಹೋಗ್ತಿತ್ತು. ಗುರುತೂ ಉಳೀತಿರಲಿಲ್ಲ. ಒಣಗಿಸಿ ಹಾಸಿದಾಗ ಏನೂ ಆಗಿಲ್ಲ ಅನ್ನಿಸ್ತಿತ್ತು. ಹೋಗದೇ ಇರೋ ಕಲೆ ಆಗಿದ್ರೆ ಹೇಳ್ತಿದ್ದೆ. ಆಣೆಗೂ ಹೇಳ್ತಿದ್ದೆ."

ಟೈಲರ್ ಅಂಗಡಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಔಷಧಿ ಅಂಗಡಿಯವಳು ಕೋಟನ್ನೇ ನೋಡುತ್ತ ನಿಂತಿದ್ದಳು, ಒಂದು ವರ್ಷ ಅದನ್ನು ತೊಟ್ಟು ತಿರುಗಿದ್ದ ತನ್ನ ತೋಳನ್ನು ಒರೆಸಿಕೊಂಡಳು.

"ಡಾಕ್ಟರು ಕೇಳಿದಾಗ?" ಎಂದಳು ಇಸ್ತ್ರಿಯಮ್ಮ.

"ನೀವು ಹೇಳಿಬಿಟ್ರಿ. ಒಂದು ಹನಿನೂ ಇರಲಿಲ್ಲ ಅಂತ. ಅಷ್ಟು ಜೋರಾಗಿ ಹೇಳಿದ್ರಿ. ಆಮೇಲೆ ನಾನು ಹೇಗೆ ಬಾಯಿ ಬಿಡಲಿ?"

"ಮತ್ತೆ ಆ ದಿನ ಕೋಣೆಯಲ್ಲಿ ಎಲ್ಲಾ ಒಗೆದದ್ದು? ಪ್ರೀತಿಗೆ ಅಂತ ಊರೆಲ್ಲ ಹೊಗಳಿದ್ದು?"

"ರಕ್ತದ ಬಟ್ಟೆಗಳನ್ನ ಹಾಸಿಗೆ ಅಡಿಯಲ್ಲಿ ಮುಚ್ಚಿಟ್ಟಿದ್ದಳು. ಕೊನೆಕೊನೆಗೆ ನನಗೂ ಕೊಡ್ತಿರಲಿಲ್ಲ. ನೀವು ನೋಡಬಾರದು ಅಂತ ಒಗೆದೆ."

"ನಾನು ನೋಡಬಾರದು ಅಂತಲಾ, ನೀನು ಸಿಕ್ಕಿಬೀಳಬಾರದು ಅಂತಲಾ?"

ನಾದಿನಿ ಸೆರಗಿನಿಂದ ಕೈ ಹೊರತೆಗೆದಳು.

"ಎರಡೂ," ಎಂದಳು.

ಇಸ್ತ್ರಿಯಮ್ಮ ಆಮೇಲೆ ಏನೇನು ಬೈದಳು ಎಂಬುದನ್ನು ಬರೆಯಬಾರದು. ಹೊಟ್ಟೆಯೊಳಗಿನ ಬೆಂಕಿಯನ್ನೆಲ್ಲ ಕಕ್ಕಿದಳು. ಮಕ್ಕಳಿಲ್ಲದವಳು ಎಂದಳು, ಹಂಗಿನ ಕೂಳು ತಿಂದವಳು ಎಂದಳು, ಬೇರೆಯವರ ಮಗುವನ್ನು ತನ್ನದು ಮಾಡಿಕೊಳ್ಳಲು ಗುಟ್ಟು ಬಚ್ಚಿಟ್ಟವಳು ಎಂದಳು. ಈ ಕೊನೆಯದು ನಿಜವೆಂದು ಇಬ್ಬರಿಗೂ ಗೊತ್ತಿತ್ತು. ಗೆಳತಿಯರು ಒಬ್ಬೊಬ್ಬರಾಗಿ ಷಟರಿನ ಕೆಳಗೆ ಬಗ್ಗಿ ಹೊರಬಿದ್ದರು. ಔಷಧಿ ಅಂಗಡಿಯವಳು ಕೊನೆಗೆ ಹೊರಟಳು, ಕೋಟು ವಾಪಸು ಕೇಳಲಿಲ್ಲ.

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ..." ಎಂದು ಗಂಡ ಶುರುಮಾಡಿದ.

"ನೀವು ಬಾಯಿ ಮುಚ್ಚಿ," ಎಂದಳು ಇಸ್ತ್ರಿಯಮ್ಮ. "ನಿಮ್ಮ ತಂಗಿ ನಿಮ್ಮ ಮಗಳ ರಕ್ತ ತೊಳೀತಿದ್ದಾಗ ಅದೇ ಯಂತ್ರದ ಪಕ್ಕ ನಿಂತಿದ್ರಿ ನೀವು."

ಅವನು ಬಾಯಿ ಮುಚ್ಚಿದ. ಆಮೇಲೆ ಕುರ್ಚಿಗಳನ್ನು ಮಡಚುತ್ತ ಮಡಚುತ್ತ ಒಂದರ ಮೇಲೆ ಕೂತುಬಿಟ್ಟು, ಹೆಗಲು ಕುಲುಕಿಸಿ ಅತ್ತ. ಅವನನ್ನು ಸಮಾಧಾನ ಮಾಡಲು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನಾದಿನಿ ಒಳಕೋಣೆಯ ಬಾಗಿಲಲ್ಲಿ ಬಟ್ಟೆಬರೆ ತುಂಬಿದ ಚೀಲ ಹಿಡಿದು ನಿಂತಿದ್ದಳು. ಕಣ್ಣು ಊದಿದ್ದವು. ಇಸ್ತ್ರಿಯಮ್ಮ ಸ್ಟೂಲಿನ ಮೇಲೆ ಹತ್ತಿ, ಗಿರಾಕಿಗಳಿಗೆ ಕೊಡಲು ಸಿದ್ಧವಾದ ಬಟ್ಟೆಗಳನ್ನು ತೂಗುಹಾಕುವ ಕಂಬಿಯ ನಟ್ಟನಡುವೆ ಜಾಗ ಮಾಡುತ್ತಿದ್ದಳು. ಕೋಟಿನ ಒಳಮೈಯನ್ನು ಹೊರಗೆ ಮಾಡಿ, ತೋಳಿನ ಮಡಿಕೆಯನ್ನು ಬಿಡಿಸಿ ಎರಡು ಪಿನ್ನು ಚುಚ್ಚಿ, ಕಲೆ ಬೀದಿಗೆ ಕಾಣುವಂತೆ ತೂಗುಹಾಕಿದಳು. ಅದರಲ್ಲಿ ಮಗಳ ವಾಸನೆಯಿರಲಿಲ್ಲ. ಮಗಳ ಮೈಯಿಂದ ಬಂದದ್ದು ಎಂದು ಈ ಭೂಮಿಯ ಮೇಲೆ ಉಳಿದದ್ದು ಆ ಹೆಬ್ಬೆರಳಗಲದ ಕಂದು ಗುರುತು ಮಾತ್ರ, ಅದನ್ನು ಅವಳು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ರಾತ್ರಿಯೆಲ್ಲ ಹಾಗೇ ಅಂದುಕೊಂಡಿದ್ದಳು. ಬೆಳಗಾಗುವಾಗ ಮನಸ್ಸು ಬದಲಾಯಿತು.

"ಅತ್ತಿಗೆ, ಕಾಲಿಗೆ ಬೀಳ್ತೀನಿ. ಅದೊಂದು ತೆಗೀರಿ," ಎಂದಳು ನಾದಿನಿ.

"ತೆಗೆಯೋ ಕೆಲಸ ನಿನ್ನದಲ್ವಾ? ಮುಟ್ಟಿ ನೋಡು, ಕೈ ಮುರೀತೀನಿ."

"ನನ್ನ ಕೈಲಿ ಅದನ್ನ ನೋಡೋಕೆ ಆಗಲ್ಲ."

"ಹಾಗಾದ್ರೆ ಹೋಗು. ಚೀಲ ಕೈಯಲ್ಲೇ ಇದೆಯಲ್ಲ, ತಡೆಯೋರು ಯಾರು? ಇರೋದಾದ್ರೆ ನಿನ್ನ ಮೇಜು ತಂದು ಇದರ ಕೆಳಗೆ ಹಾಕ್ಕೋ. ಒಳಗೆ ಕೂತು ಯಾರಿಗೂ ಕಾಣದ ಹಾಗೆ ಉಜ್ಜೋದು ಇನ್ನು ಈ ಮನೆಯಲ್ಲಿ ಇಲ್ಲ."

ಗಂಡ ಯಂತ್ರದ ಕಡೆಯಿಂದ ತಲೆ ಹಾಕಿ, ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹೇಳಿದ, "ಅದು ಅವಳೊಬ್ಬಳ ಕಣ್ಣಿಗೆ ಚುಚ್ಚಲ್ಲ. ನಿನ್ನ ಕಣ್ಣಿಗೂ ಚುಚ್ಚುತ್ತೆ."

"ಚುಚ್ಚಲಿ," ಎಂದಳು ಇಸ್ತ್ರಿಯಮ್ಮ, ಸ್ಟೂಲಿನಿಂದ ಇಳಿಯುತ್ತ. "ನನ್ನ ಬಾಯಿಗೆ ಹೆದರಿ ಸತ್ತಳಂತಲ್ಲ ನನ್ನ ಮಗಳು. ನನಗೂ ಚುಚ್ಚಲಿ."

ಹಾಗೆಂದ ಮೇಲೆ ಇಸ್ತ್ರಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ದಿಂಬಿನ ಆ ಚೀಲಗಳು ತನ್ನ ಕೈ ದಾಟಿಯೇ ಹೋಗಿದ್ದವು, ತಾನೇ ಅವುಗಳ ಮೇಲೆ ಬಿಸಿ ಇಸ್ತ್ರಿ ಎಳೆದು, ಎಷ್ಟು ಬೆಳ್ಳಗಿದೆ ಎಂದು ಮನಸ್ಸಿನಲ್ಲೇ ಮೆಚ್ಚಿ ಮಡಚಿಟ್ಟಿದ್ದಳು. ನಾದಿನಿ ಒಂದು ಹೆಜ್ಜೆ ಮುಂದೆ ಬಂದಳು. "ಹತ್ರ ಬರಬೇಡ," ಎಂದಳು ಇಸ್ತ್ರಿಯಮ್ಮ.

ನಾದಿನಿ ನಿಂತಳು. ಚೀಲವನ್ನು ಗೋಡೆಯ ಪಕ್ಕಕ್ಕಿಟ್ಟಳು. ಒಳಗೆ ಹೋಗಿ ಮೇಜನ್ನು ಎಳೆಯತೊಡಗಿದಳು. ಭಾರದ ಮರದ ಮೇಜು, ಬಾಗಿಲಿನ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಯಾರೂ ಕೈಹಾಕಲಿಲ್ಲ. ಅವಳೇ ಒಂದು ಕಡೆ ಎತ್ತಿ, ಇನ್ನೊಂದು ಕಡೆ ನೂಕಿ, ಏದುಸಿರು ಬಿಡುತ್ತ ತಂದು ಕೋಟಿನ ಕೆಳಗೆ ಹಾಕಿಕೊಂಡಳು. ನೀರಿನ ಬಟ್ಟಲು, ಬ್ರಷ್ಷು, ಬಿಳಿ ಚಿಂದಿ ಜೋಡಿಸಿಕೊಂಡು ಕೂತಳು. ಅವಳು ತಲೆ ಎತ್ತಿದರೆ ಕಲೆ ನೇರ ಕಣ್ಣೆದುರಿಗೆ ಬರುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಗಿರಾಕಿಗಳು ಬರತೊಡಗಿದರು. ಹಳಬರು ಕೋಟನ್ನು ಕಂಡು, ಗುರುತು ಹಿಡಿದು, ಏನೋ ಕೇಳಲು ಹೋಗಿ ಇಸ್ತ್ರಿಯಮ್ಮನ ಮುಖ ನೋಡಿ ತಮ್ಮ ಗಂಟು ಎತ್ತಿಕೊಂಡು ನಡೆದರು. 'ಹಾವು ಮುಂಗುಸಿ ಒಂದೇ ಬುಟ್ಟಿಯಲ್ಲಿ ಕೂತಿವೆ' ಎಂದು ಹೊರಗೆ ಯಾರೋ ಅಂದದ್ದು ಒಳಗಿನವರಿಗೂ ಕೇಳಿಸಿತು.

ಆಮೇಲೆ ಆ ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಬಿಳೀ ಅಂಗಿಯೊಂದನ್ನು ತಂದು ಕೌಂಟರಿನ ಮೇಲಿಟ್ಟಳು. ಎದೆಯ ಮೇಲೆ ಮಸಿ ಚೆಲ್ಲಿತ್ತು. ನಿಮ್ಮಲ್ಲಿ ಎಂಥ ಕಲೆಯಾದರೂ ತೆಗೀತಾರಂತೆ ಎಂದಳು. ಹಾಗೆನ್ನುತ್ತ ಮೇಲೆ ನೋಡಿದಳು, ಅವಳ ಮುಖದಲ್ಲಿ ಅನುಮಾನ ಮೂಡಿತು.

"ಅಲ್ಲೊಂದು ಉಳಿದಿದೆಯಲ್ಲ," ಎಂದು ಬೆರಳು ತೋರಿಸಿದಳು. "ಅದು ಹೋಗಲಿಲ್ವಾ?"

ಇಸ್ತ್ರಿಯಮ್ಮ ಕೈಕಟ್ಟಿ ನಾದಿನಿಯ ಕಡೆ ತಿರುಗಿ ನಿಂತಳು. ಹೇಳು, ಎಂಬಂತೆ. ಯಾರೂ ನಿನ್ನ ಪರವಾಗಿ ಬಾಯಿ ತೆರೆಯುವುದಿಲ್ಲ, ಹೇಳು.

ನಾದಿನಿ ಬ್ರಷ್ಷು ಕೆಳಗಿಟ್ಟಳು. ತಲೆ ಎತ್ತಿ ಕಲೆಯನ್ನು ನೋಡಿದಳು, ಬೆಳಗಿನಿಂದ ಅದೇ ಮೊದಲ ಸಲ.

"ಹೋಗುತ್ತೆ," ಎಂದಳು. "ನನ್ನ ಕೈಗೆ ಸಿಕ್ಕಿದ್ರೆ ಹೋಗೇ ಹೋಗುತ್ತೆ. ಅದಕ್ಕೇ ಬಿಟ್ಟಿರೋದು."

ಹೆಂಗಸು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು, ಬಿಡಿಸಿ ಹೇಳುತ್ತಾರೇನೋ ಎಂದು ಕಾದಳು. ಇಸ್ತ್ರಿಯಮ್ಮ ಬಿಳೀ ಅಂಗಿಯನ್ನು ತನ್ನ ಕಡೆಗೆಳೆದುಕೊಂಡು, ಅದರ ಎರಡೂ ತೋಳುಗಳ ಮಡಿಕೆಯನ್ನು ಬಿಡಿಸಿ ಒಳಗೆ ನೋಡಿದಳು. ಆಮೇಲೆ ಬಟ್ಟೆ ಯಾವಾಗ ಬೇಕೆಂದು ಕೇಳಿದಳು.